ಕೋಣಗಳ ಸಾಲು

ಹೋದ ತಿಂಗಳು ನಮ್ಮ ಒರಳುಕಲ್ಲನ್ನು ಹೊಸ ಮನೆಯ ಎರಡನೇ ಮಹಡಿಗೆ ಹತ್ತಿಸಿದೆವು. ಮಿಕ್ಸಿ ಬಂದು ಎಷ್ಟು ಕಾಲವಾದರೇನು, ಅಮ್ಮ ಅದನ್ನು ಬಿಟ್ಟುಬರಲು ಒಪ್ಪಲಿಲ್ಲ. ನಾಲ್ಕು ಜನ, ಎರಡು ಹಗ್ಗ, ಒಂದು ಗೋಣಿಚೀಲ, ಲೆಕ್ಕವಿಲ್ಲದಷ್ಟು ಸಲಹೆ. ನನ್ನ ಕಾಲಿನ ಹೆಬ್ಬೆರಳಿನ ಉಗುರು ಇನ್ನೂ ಕಪ್ಪಗಿದೆ. ಹಾಗಾಗಿ ರಾಯಚೂರು ಕೋಟೆಯ ಪಡುವಣ ಗೋಡೆಯೆದುರು ನಿಂತಾಗ ಮೊದಲು ನೆನಪಾದದ್ದು ಕೃಷ್ಣದೇವರಾಯನಲ್ಲ, ಆ ಹೆಬ್ಬೆರಳು.

ಗೋಡೆಯಲ್ಲೊಂದು ಕಲ್ಲಿದೆ. ಉದ್ದ ಸುಮಾರು 41 ಅಡಿ, ಒಂದೇ ಕಲ್ಲು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅದರ ಉದ್ದಕ್ಕೂ ನಡೆದೆ, ಹದಿನಾರು ಹೆಜ್ಜೆ. ಮೈಮೇಲೆ ಶಾಸನ: ಕಾಕತೀಯರ ಕಡೆಯ ಗೊರೆ ಗನ್ನಯ ರೆಡ್ಡಿಯ ಮಂತ್ರಿ ವಿಠ್ಠಲನಾಥ 1294ರಲ್ಲಿ ಕೋಟೆ ಕಟ್ಟಿಸಿದ ಸಂಗತಿ. ಕಟ್ಟಿಸಿದವರು ಹೆಸರು ಕೆತ್ತಿಸಿಕೊಳ್ಳುವುದು ಹಳೆಯ ಚಾಳಿ. ಈಗ ಬಸ್ ತಂಗುದಾಣದ ನೆತ್ತಿಗೂ ಬಂದಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಕದ ಚಿತ್ರ. ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಇದೇ ಬಂಡೆ, ಮುಂದೆ ಉದ್ದಕ್ಕೂ ಹೂಡಿದ ಕೋಣಗಳು. ನಡುನಡುವೆ ಬಾರುಕೋಲು ಬೀಸುವವರು. ಹಿಂದೆ ಮೀಟುಗೋಲು ಕೊಟ್ಟು ಗಾಲಿ ನೂಕುವವರು. ಕೋಣದ ಬಾಲ ತಿರುಚುತ್ತಿರುವವರೂ ಇದ್ದಾರೆ! ಕಲ್ಲು ತಂದವರ ಹೆಸರು ಬರೆಯದಿದ್ದರೂ ಅವರು ತಂದ ಬಗೆಯನ್ನು ಕೆತ್ತಬೇಕೆಂದು ಯಾರಿಗೋ ತೋಚಿತಲ್ಲ. ಆ ಪುಣ್ಯಾತ್ಮ ಎಂದಾದರೂ ಒರಳು ಹೊತ್ತಿರಲೇಬೇಕು.

ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡಿಗಾಗಿ ಬಹಮನಿಗಳೂ ವಿಜಯನಗರದವರೂ ಹೊಡೆದಾಡಿದ್ದಕ್ಕೆ ಲೆಕ್ಕವಿಲ್ಲ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಕೋಟೆ ಹಿಡಿದ. ಪೋರ್ಚುಗೀಸ್ ಬಂದೂಕಿನವರು ಗೋಡೆಯ ಮೇಲೆ ತಲೆ ಹಾಕಿದವರಿಗೆಲ್ಲ ಗುರಿಯಿಟ್ಟರೆ, ಕೆಳಗೆ ರಾಯನ ಜನ ಕಲ್ಲು ಕೀಳುತ್ತಿದ್ದರು. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿರುವಂತೆ ಕಿತ್ತ ಕಲ್ಲಿಗೆ ಗಾತ್ರ ನೋಡಿ 10ರಿಂದ 50 ಪಣದವರೆಗೆ ಕೂಲಿ. ಕಲ್ಲು ಏರಿಸಲೂ ಕೂಲಿ, ಇಳಿಸಲೂ ಕೂಲಿ. 41 ಅಡಿಯದಕ್ಕೆ ಎಷ್ಟು ಪಣ ಆಗುತ್ತಿತ್ತೋ! ಅದರ ತಂಟೆಗೆ ಯಾರೂ ಹೋದಂತಿಲ್ಲ.

"ಏನ್ರೀ ಸರ, ಒಂದ ಕಲ್ಲಿನ ಮುಂದ ಅರ್ಧ ತಾಸು ನಿಂತೀರಿ?" ಶೇಂಗಾ ಮಾರುವವ ಬುಟ್ಟಿ ಇಳಿಸಿದ.

ಬಾಲ ತಿರುಚುವವನನ್ನು ತೋರಿಸಿದೆ. ಬಗ್ಗಿ ನೋಡಿದ. "ಏರು ಬಂದಾಗ ನಮ್ಮಪ್ಪನೂ ಹಿಂಗ ಮಾಡ್ತಿದ್ದ. ಬಾಜೂಕ ನಿಲ್ಲಬೇಕ್ರಿ, ಹಿಂದ ನಿಂತ್ರ ಒದೀತಾವ."

ಶೇಂಗಾ ಪೊಟ್ಟಣ ಕಟ್ಟುತ್ತ ಅವನ ಕಣ್ಣು ನನ್ನ ಚಪ್ಪಲಿಯ ಮೇಲೆ ಬಿತ್ತು.

"ಕಾಲಿಗೇನಾತ್ರಿ?"

"ಒರಳುಕಲ್ಲು," ಎಂದೆ.