ಬೇಗೂರಿನ ಶಾಸನದ ಮುಂದೆ ಮಕ್ಕಳು

ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿಯೂ ಅವುಗಳ ಆಡಳಿತಕ್ಕೊಳಪಟ್ಟ ಚಾರಿತ್ರಿಕ ತಾಣಗಳಲ್ಲಿಯೂ ‘ಜೂನಿಯರ್ ರೇಂಜರ್’ ಎಂಬ ಮಕ್ಕಳ ಕಾರ್ಯಕ್ರಮ ನಡೆಯುತ್ತದೆ. ಮಗುವಿನ ಕೈಗೆ ಕಿರುಹೊತ್ತಗೆಯೊಂದನ್ನು ಕೊಡುತ್ತಾರೆ. ಮಗು ತಾಣವನ್ನು ಸುತ್ತಿ, ಕಣ್ಣಾರೆ ಕಂಡು, ಅದರಲ್ಲಿನ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ರೇಂಜರ್ ಅದನ್ನು ಪರಿಶೀಲಿಸಿ, ತಾಣವನ್ನು ಕಾಪಾಡುವ ಪ್ರತಿಜ್ಞೆಯನ್ನು ಹೇಳಿಸಿ, ಬಿಲ್ಲೆಯನ್ನು ನೀಡುತ್ತಾರೆ. ನಮ್ಮಲ್ಲಿ ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಊರೊಳಗಿನ ಶಾಸನದ ಬಳಿಗೆ ಕರೆದೊಯ್ಯುವವರು ಮಾತ್ರ ವಿರಳ.

ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಿಂದ ತುಸು ಪಶ್ಚಿಮಕ್ಕೆ ಸರಿದರೆ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಶಾಸನವೊಂದಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನ ಮನೆಗೆ ಸೇರಿದ ಬುಟ್ಟಣಸೆಟ್ಟಿ ಮಡಿದನೆಂಬುದು ಅದರ ಸಾರ. ಇದೇ ಬೇಗೂರಿನ ಇನ್ನೊಂದು ಪ್ರಸಿದ್ಧ ವೀರಗಲ್ಲು ಈಗ ನಗರದ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರನೇ ಮಡಿದುದನ್ನೂ ಇರುಗನಿಗೆ ಬೆಂಪೂರು ಹನ್ನೆರಡು ಎಂಬ ನಾಡು ದತ್ತವಾದುದನ್ನೂ ಅದು ಹೇಳುತ್ತದೆ. ಆ ಹಳ್ಳಿಗಳ ಪಟ್ಟಿಯಲ್ಲಿ ಬರುವ ಇಗ್ಗಲೂರು ಎಂಬ ಹೆಸರಿನ ಊರು ಇಂದಿಗೂ ಚಂದಾಪುರದ ಬಳಿ ಇದೆ.

ಕೆಲವು ವರ್ಷಗಳ ಹಿಂದೆ ಸಮೀಪದ ಶಾಲೆಯೊಂದರ ಮಕ್ಕಳೊಡನೆ ನಾನು ಬೇಗೂರಿಗೆ ಹೋಗಿದ್ದೆ. ಅವರಲ್ಲಿ ಹಲವರ ಮನೆಮಾತು ತಮಿಳು, ತೆಲುಗು, ಒಡಿಯಾ. ಹೆತ್ತವರು ಕಾರ್ಖಾನೆಗಳಲ್ಲಿ, ಕಟ್ಟಡದ ಕೆಲಸಗಳಲ್ಲಿ ದುಡಿಯುವವರು. ಬೆಂಗಳೂರಿಗೆ ಹೆಸರು ಬಂದದ್ದು ಹೇಗೆಂದು ಕೇಳಿದೆ. ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯನ್ನು ಎಲ್ಲರೂ ಒಟ್ಟಾಗಿ ಹೇಳಿದರು. ಇಮ್ಮಡಿ ಬಲ್ಲಾಳನ ಆಳ್ವಿಕೆ 1173ರಿಂದ 1220ರವರೆಗೆ ಎಂದು ತಿಳಿಸಿ, ಶಾಸನದ ಕಾಲವನ್ನೂ ಹೇಳಿ ಸುಮ್ಮನಾದೆ. ಹುಡುಗಿಯೊಬ್ಬಳು ಬೆರಳುಗಳಲ್ಲಿ ಎಣಿಸಿ, “ಹಾಗಾದರೆ ರಾಜ ಬರುವ ಮೊದಲೇ ಹೆಸರಿತ್ತಲ್ಲ, ಸಾರ್!” ಎಂದಳು. ಮತ್ತೊಬ್ಬ ಹುಡುಗ ಕೇಳಿದ: “ಕಾಳಗದಲ್ಲಿ ಗೆದ್ದವರು ಯಾರು?” ಶಾಸನ ಅದನ್ನು ಹೇಳುವುದಿಲ್ಲ ಎಂದೆ. ಅವನಿಗೆ ಅದು ಒಪ್ಪಿಗೆಯಾಗಲಿಲ್ಲ. ಕಲ್ಲಿನ ಹಿಂಬದಿಗೂ ಹೋಗಿ ನೋಡಿ ಬಂದ.

ಈ ಎರಡು ಮಾತುಗಳಲ್ಲಿ ಶಾಸನಾಧ್ಯಯನದ ಮೊದಲ ಎರಡು ಪಾಠಗಳು ಅಡಗಿವೆ. ಐತಿಹ್ಯವನ್ನು ಆಧಾರದೊಡನೆ ತಾಳೆ ನೋಡುವುದು ಒಂದು. ಆಧಾರ ಎಲ್ಲಿ ಮೌನವಾಗುತ್ತದೆಯೋ ಅಲ್ಲಿ ನಿಲ್ಲುವುದು ಇನ್ನೊಂದು. ಅಕ್ಷರಗಳನ್ನು ಓದಲಾಗದ ಮಗುವಿಗೂ ಇವು ನಿಲುಕಿದವು. ಮುದುಕಿಯ ಕಥೆಯನ್ನು ಅವರಿಂದ ಕಸಿದುಕೊಳ್ಳುವ ಅಗತ್ಯವೂ ಬೀಳಲಿಲ್ಲ. ಜನ ಹೀಗೊಂದು ಕಥೆ ಕಟ್ಟಿದ್ದೇಕೆ ಎಂಬುದು ಅವರಿಗೆ ಹೊಸ ಪ್ರಶ್ನೆಯಾಯಿತು.

ಬಿ. ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳಿವೆ. ಅವುಗಳಲ್ಲಿ ಅನೇಕ ಕಲ್ಲುಗಳು ಇಂದು ಸ್ಥಳದಲ್ಲಿಲ್ಲ. ಬಡಾವಣೆ, ರಸ್ತೆ, ಜೀರ್ಣೋದ್ಧಾರಗಳ ನಡುವೆ ಕಾಣೆಯಾಗಿವೆ. ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಯೋಜನೆಯು ಉಳಿದವನ್ನು ತ್ರಿಆಯಾಮದ ಡಿಜಿಟಲ್ ರೂಪದಲ್ಲಿ ದಾಖಲಿಸುತ್ತಿದೆ. ಅದರಿಂದ ಪಾಠ ಉಳಿದೀತು. ಕಲ್ಲು ಉಳಿಯಲು ಆ ಬೀದಿಯವರೇ ಬೇಕು. ಯಂತ್ರ ಬಂದು ನಿಂತ ದಿನ “ಇದರಲ್ಲಿ ಬರೆಹವಿದೆ” ಎನ್ನುವ ಒಬ್ಬರಾದರೂ ಅಲ್ಲಿರಬೇಕು. ಆ ಒಬ್ಬರು ಹತ್ತು ವರ್ಷದವರಾಗಿದ್ದರೂ ಸರಿಯೇ.

ಇಲ್ಲಿ ರೇಂಜರುಗಳಿಲ್ಲ. ಹಳಗನ್ನಡವನ್ನೂ ಶಾಸನಗಳನ್ನೂ ಪಠ್ಯವಾಗಿ ಓದುವ ವಿದ್ಯಾರ್ಥಿಗಳು ಪ್ರತಿವರ್ಷವೂ ನಮ್ಮ ವಿಶ್ವವಿದ್ಯಾಲಯಗಳಿಂದ ಹೊರಬರುತ್ತಾರೆ. ವರ್ಷಕ್ಕೊಂದು ದಿನ, ತಮ್ಮ ಮನೆಗೆ ಸಮೀಪದ ಒಂದು ಶಾಸನ, ನೆರೆಯ ಶಾಲೆಯ ಒಂದು ತರಗತಿ: ಇಷ್ಟನ್ನು ಅವರು ವಹಿಸಿಕೊಂಡರೆ ಸಾಕು. ಬಿಲ್ಲೆ ಬೇಕಿಲ್ಲ. ನಾಲ್ಕು ಒಳ್ಳೆಯ ಪ್ರಶ್ನೆಗಳಿರುವ ಒಂದು ಹಾಳೆ, ಮಕ್ಕಳ ಮರುಪ್ರಶ್ನೆಗೆ “ಕಲ್ಲು ಇದನ್ನು ಹೇಳುವುದಿಲ್ಲ” ಎನ್ನುವ ಪ್ರಾಮಾಣಿಕತೆ, ಇವೆರಡಿದ್ದರೆ ಕೆಲಸ ತೊಡಗಬಹುದು.