ಬೆಂಚಿಗೆ ಕರೆದರೆ ಸಿಟ್ಟು ಯಾಕ?

ಭಾನುವಾರ ಬೆಳಿಗ್ಗೆ ನೆಹರು ಗಂಜ್ ಹುಡುಗರಿಗೆ ಹಾಕಿ ಕಲಿಸ್ತೀನಿ. ಸ್ಟಿಕ್ ಹಿಡಿಯೋದು ಬೇಗ ಬರುತ್ತೆ. ಬೆಂಚಿಗೆ ಕರೆದರೆ ಮಾತ್ರ ಅವಮಾನ. ‘ನಾ ಏನ್ ತಪ್ಪ ಮಾಡೀನ್ರಿ ಸರ?’ ಅಂತ ಒಬ್ಬ ಅತ್ತೇಬಿಟ್ಟ.

ಐಸ್ ಹಾಕಿಯ ವಿಡಿಯೊ ತೋರಿಸಿದೆ. ಗೋಲ್‌ಕೀಪರ್ ಬಿಟ್ಟು ಐದೇ ಜನ. ನಿಮಿಷದೊಳಗೆ ದಣಿದು ಹೊರಗೆ, ಸುಧಾರಿಸಿಕೊಂಡು ಮತ್ತೆ ಒಳಗೆ. ನಮ್ಮ ಹಾಕಿಯಲ್ಲೂ ಎಷ್ಟು ಸಲ ಬೇಕಾದರೂ ಬದಲಾಗಬಹುದು. ಟೋಕಿಯೊಗೆ ಮೀಸಲು ಆಟಗಾರನಾಗಿ ಹೋದ ಸಿಮ್ರನ್‌ಜೀತ್ ಸಿಂಗ್, 2021ರ ಕಂಚಿನ ಪಂದ್ಯದಲ್ಲಿ ಜರ್ಮನಿ ವಿರುದ್ಧ ಎರಡು ಗೋಲು ಹೊಡೆದ. ಇದ್ಯಾವುದೂ ನಾಟಲಿಲ್ಲ.

ಹುಡುಗನ ಅಪ್ಪ ಗಂಜಿನಲ್ಲಿ ತೊಗರಿ ಚೀಲ ಹೊರೋ ಹಮಾಲಿ. ‘ನಿಮ್ಮಪ್ಪ ನಡುವ ಕುಂತು ಚಾ ಕುಡಿತಾರಲ್ಲ, ಕೆಲಸದಿಂದ ತಗದಾರೇನು?’ ಅಂದೆ. ನಕ್ಕ.

ಈಗ ಬೆಂಚಿನಿಂದಲೇ ‘ಎಡಕ್ಕ ಕೊಡಲೇ!’ ಅಂತ ಕೂಗ್ತಿರ್ತಾನೆ.