ಶಿಫಾರಸು ಎಂಬ ಹೊಣೆ

ನನ್ನ ತಮ್ಮನ ಮಗನು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಮುದ್ರಣಾಲಯವನ್ನು ನಡೆಸುತ್ತಿದ್ದಾನೆ. ಒಂದು ಆಫ್‌ಸೆಟ್ ಯಂತ್ರ, ಕಾಗದ ಕತ್ತರಿಸುವ ಯಂತ್ರ, ಮೂವರು ಕೆಲಸಗಾರರು. ಇಷ್ಟೇ ಅವನ ಆಸ್ತಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕರಪತ್ರಗಳಿಂದ ಸಂಸಾರ ಸಾಗುತ್ತಿತ್ತು. ಆಮಂತ್ರಣಗಳು ಮೊಬೈಲಿನಲ್ಲಿಯೇ ಹೋಗತೊಡಗಿದವು, ಅಂಗಡಿಗಳು ಕಂಪ್ಯೂಟರಿನಿಂದಲೇ ಬಿಲ್ ಕೊಡತೊಡಗಿದವು. ಯಂತ್ರವು ವಾರದಲ್ಲಿ ಮೂರು ದಿನ ಸುಮ್ಮನೆ ನಿಲ್ಲುವಂತಾಯಿತು. ಅದರ ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ನಾನು ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು. ಮಠದ ಗ್ರಂಥಮಾಲೆಯ ಕರಡಚ್ಚು ತಿದ್ದುವ ಕಾರ್ಯವನ್ನು ಮೂವತ್ತು ವರ್ಷಗಳಿಂದ ಮಾಡುತ್ತ ಬಂದವನು. ಇದನ್ನು ಬಲ್ಲ ಹುಡುಗನು ಒಂದು ಸಂಜೆ ಬಂದು, “ದೊಡ್ಡಪ್ಪಾ, ಗ್ರಂಥಮಾಲೆಯವರಿಗೆ ನೀವು ಒಂದು ಮಾತು ಹೇಳಿದರ ಸಾಕು, ನಮಗೂ ಕೆಲಸ ಬರತೈತಿ” ಎಂದನು. ನಾನು ಒಪ್ಪಲಿಲ್ಲ. “ನಮ್ಮವನೆಂದು ಹೇಳುವುದು ಸುಲಭ, ಕೆಲಸ ಕೆಟ್ಟರೆ ಕೆಡುವುದು ಮಠದ ಪುಸ್ತಕ” ಎಂದೆ. ಅವನು ಮರುಮಾತಾಡದೆ ಎದ್ದು ಹೋದನು.

ಕೆಲವು ತಿಂಗಳುಗಳ ನಂತರ ಅವನು ವ್ಯಾಪಾರಸ್ಥರ ಒಂದು ಸಂಘವನ್ನು ಸೇರಿದ ಸುದ್ದಿ ತಿಳಿಯಿತು. ಸದಸ್ಯರು ಪರಸ್ಪರರಿಗೆ ಗಿರಾಕಿಗಳನ್ನು ಪರಿಚಯಿಸಿಕೊಡುವ ಸಂಘವದು. ಈ ಕಲ್ಪನೆ ಹೊಸದೇನಲ್ಲ. 1905ರಲ್ಲಿ ಅಮೆರಿಕೆಯ ಶಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ರೋಟರಿಯನ್ನು ಆರಂಭಿಸಿದಾಗ ಸದಸ್ಯರು ಒಬ್ಬರಿಗೊಬ್ಬರು ವ್ಯಾಪಾರದಲ್ಲಿ ನೆರವಾಗುವುದೂ ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಸಮಾಜಸೇವೆಯು ಅನಂತರ ಮುಖ್ಯವಾಯಿತು. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಐವನ್ ಮಿಸ್ನರ್ ಎಂಬವರು ಇದೇ ಉದ್ದೇಶಕ್ಕಾಗಿ ಬಿಎನ್‌ಐ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಶಾಖೆಗಳು ಇಂದು ನಮ್ಮ ದೇಶದಲ್ಲಿಯೂ ಇವೆ. ಒಂದು ಶಾಖೆಯಲ್ಲಿ ಒಂದು ವೃತ್ತಿಗೆ ಒಬ್ಬರೇ ಸದಸ್ಯರು, ವಾರಕ್ಕೊಂದು ಸಭೆ, ವಾರ್ಷಿಕ ಶುಲ್ಕ. ‘ಕೊಡುವವನು ಪಡೆಯುತ್ತಾನೆ’ ಎಂಬುದು ಅದರ ಧ್ಯೇಯದ ತಾತ್ಪರ್ಯ. ನಮ್ಮ ಹುಡುಗನ ಸಂಘ ಬೇರೆಯಾದರೂ ಅದರ ಕಟ್ಟಳೆಗಳು ಹೆಚ್ಚುಕಡಿಮೆ ಇವೇ.

ಒಮ್ಮೆ ನನ್ನನ್ನೂ ಅತಿಥಿಯಾಗಿ ಕರೆದೊಯ್ದನು. ಬೆಳಗಿನ ಏಳು ಗಂಟೆಗೆ ಹೋಟೆಲೊಂದರ ಸಭಾಗೃಹದಲ್ಲಿ ಮೂವತ್ತು ಜನ ಸೇರಿದ್ದರು. ಪ್ರತಿಯೊಬ್ಬರೂ ಎದ್ದು ತಮ್ಮ ಕೆಲಸವೇನು, ಎಂತಹ ಗಿರಾಕಿ ಬೇಕು ಎಂಬುದನ್ನು ಒಂದು ನಿಮಿಷದೊಳಗೆ ಹೇಳಿದರು. ಬಳಿಕ ಶಿಫಾರಸು ಚೀಟಿಗಳ ವಿನಿಮಯ ನಡೆಯಿತು. ಇದನ್ನು ದಾಸೋಹದೊಡನೆ ಹೋಲಿಸಲು ಕೆಲವರಿಗೆ ಮನಸ್ಸಾದೀತು, ಅದು ಸರಿಯಲ್ಲ. ದಾಸೋಹದಲ್ಲಿ ಪ್ರತಿಫಲದ ನಿರೀಕ್ಷೆಯಿಲ್ಲ, ಇಲ್ಲಿ ಇದೆ. ಆದರೆ ವ್ಯಾಪಾರವು ತನ್ನನ್ನು ವ್ಯಾಪಾರವೆಂದೇ ಕರೆದುಕೊಂಡರೆ ಅದರಲ್ಲಿ ದೋಷವಿಲ್ಲ. ನನ್ನನ್ನು ಕಾಡಿದ ಸಂಗತಿ ಬೇರೆ. ಚೀಟಿ ಕೊಡಲಾಗದವರು ತಲೆ ತಗ್ಗಿಸಿ ಕುಳಿತಿದ್ದರು.

ಆ ಸಂಕೋಚದ ಫಲವನ್ನು ನಾನೇ ಉಣ್ಣಬೇಕಾಯಿತು. ನನ್ನ ಸ್ನೇಹಿತರಾದ ನಿವೃತ್ತ ಮಾಸ್ತರೊಬ್ಬರು ತಮ್ಮ ಮನೆಯ ತಾರಸಿ ಸೋರುತ್ತಿದೆ, ಒಳ್ಳೆಯ ಕೆಲಸಗಾರರಿದ್ದರೆ ಹೇಳಿರಿ ಎಂದರು. ಹುಡುಗನನ್ನು ಕೇಳಿದೆ. “ನಮ್ಮ ಸಂಘದಾಗ ಒಬ್ಬರು ಅದಾರ” ಎಂದನು. ಅವನು ಅವರ ಕೆಲಸವನ್ನು ಕಂಡಿರಲಿಲ್ಲ. ಆ ವಾರ ಕೊಡಲು ಅವನಲ್ಲಿ ಬೇರೆ ಚೀಟಿಯಿರಲಿಲ್ಲ, ಅಷ್ಟೆ. ನಾನೂ ವಿಚಾರಿಸಲಿಲ್ಲ. ಸ್ವಂತ ಮಗನಂತಿದ್ದವನಿಗೆ ಕೊಡದ ಮಾತನ್ನು ಕಾಣದ ಗುತ್ತಿಗೆದಾರನಿಗಾಗಿ ಕೊಟ್ಟುಬಿಟ್ಟೆ. ಮುಂದಿನ ಮಳೆಗಾಲದಲ್ಲಿ ಮಾಸ್ತರರ ಪುಸ್ತಕದ ಕಪಾಟಿನ ಮೇಲೆಯೇ ನೀರಿಳಿಯಿತು. ಗುತ್ತಿಗೆದಾರರು ಈ ವರ್ಷ ಮಳೆ ಹೆಚ್ಚು ಎಂದು ಹೇಳಿ ಕೈತೊಳೆದುಕೊಂಡರು.

ನಾನು ನಾಚಿಕೆಯಿಂದ ಮಾಸ್ತರರ ಮನೆಗೆ ಹೋದಾಗ ತಾರಸಿಯ ಮೇಲೆ ಬೇರೊಬ್ಬ ಮೇಸ್ತ್ರಿಯು ಕೆಲಸ ಮಾಡುತ್ತಿದ್ದನು. ಖರ್ಚು ಹುಡುಗನದು. ಯಂತ್ರದ ಕಂತಿಗೆ ಕೂಡಿಟ್ಟಿದ್ದ ಹಣವದು ಎಂಬುದು ತಮ್ಮನಿಂದ ಆಮೇಲೆ ತಿಳಿಯಿತು. ಮರುವಾರದ ಸಭೆಯಲ್ಲಿ ಅವನು ಎದ್ದು ನಿಂತು, ಯಾರನ್ನೂ ನಿಂದಿಸದೆ, ತಾನು ನೋಡದ ಕೆಲಸಕ್ಕೆ ಚೀಟಿ ಕೊಟ್ಟುದು ತನ್ನ ತಪ್ಪೆಂದೂ ಇನ್ನು ಮುಂದೆ ಕೆಲಸವನ್ನು ಕಂಡ ಹೊರತು ಕೊಡುವುದಿಲ್ಲವೆಂದೂ ಹೇಳಿದನಂತೆ. ಗುತ್ತಿಗೆದಾರರು ಕೆಲವು ದಿನಗಳ ನಂತರ ಹಣದ ಒಂದು ಪಾಲನ್ನು ತಂದುಕೊಟ್ಟರು.

ಅಲ್ಲಿಂದ ಅವನು ಕೊಡುವ ಚೀಟಿಗಳು ಕಡಿಮೆಯಾದವು. ಆದರೆ ಅವುಗಳಿಗೆ ಬೆಲೆ ಬಂದಿತು. ವರ್ಷದೊಳಗೆ ಖಾರದ ಪುಡಿ ತಯಾರಿಸುವವರೊಬ್ಬರ ಪೆಟ್ಟಿಗೆಗಳ ಮುದ್ರಣವೂ ವೈದ್ಯರೊಬ್ಬರ ಕಡತಗಳ ಕೆಲಸವೂ ಆ ಸಂಘದ ಮೂಲಕವೇ ದೊರೆತವು.

ಆಗ ನಾನು ಗ್ರಂಥಮಾಲೆಗೆ ಪತ್ರ ಬರೆದೆ. ಇವನು ನನ್ನ ತಮ್ಮನ ಮಗನೆಂಬುದನ್ನು ಮೊದಲ ಸಾಲಿನಲ್ಲಿಯೇ ತಿಳಿಸಿದೆ. 32 ಪುಟಗಳ ಒಂದು ಕಿರುಹೊತ್ತಿಗೆಯನ್ನು ಮಾತ್ರ ಕೊಟ್ಟು ನೋಡಿರಿ, ಅದರ ಗುಣದೋಷಗಳನ್ನು ನಾನಲ್ಲದೆ ಬೇರೊಬ್ಬರು ಪರಿಶೀಲಿಸಲಿ ಎಂದು ಕೋರಿದೆ. ಹೊತ್ತಿಗೆಯ ಒಂದು ಫಾರಂನಲ್ಲಿ ಶಾಯಿ ಮಂಕಾಗಿತ್ತಂತೆ. ಯಾರೂ ಕೇಳುವ ಮೊದಲೇ ಅದನ್ನು ಮತ್ತೆ ಮುದ್ರಿಸಿ ಕೊಟ್ಟಿದ್ದನು. ಎರಡನೆಯ ಪುಸ್ತಕವೂ ಈಗ ಅವನಲ್ಲಿದೆ.

ನಮ್ಮ ಮನೆಗಳ ಅನೇಕ ತರುಣರು ಇಂದು ಸಣ್ಣ ಉದ್ಯೋಗಗಳನ್ನು ಕೈಗೊಂಡಿದ್ದಾರೆ. ಅವರು ಇಂತಹ ಸಂಘಗಳನ್ನು ಸೇರುವುದಾದರೆ ಸೇರಲಿ. ಶುಲ್ಕವೆಷ್ಟು, ವಾರದ ಆ ಬೆಳಗನ್ನು ತಪ್ಪದೆ ಕೊಡಬಲ್ಲೆವೇ ಎಂಬುದನ್ನು ಮೊದಲೇ ಲೆಕ್ಕಹಾಕಲಿ. ಒಂದೆರಡು ಸಭೆಗಳಿಗೆ ಅತಿಥಿಗಳಾಗಿ ಹೋಗಿ, ಅಲ್ಲಿರುವವರ ಕೆಲಸವನ್ನು ಕಣ್ಣಾರೆ ನೋಡಲಿ. ಶಿಫಾರಸು ಮಾಡುವವನು ಜಾಮೀನು ನಿಂತಂತೆಯೇ ಸರಿ. ಮನೆಯ ಹಿರಿಯರಾದ ನಾವೂ ಮಕ್ಕಳಿಗಾಗಿ ಒಂದು ಮಾತು ಹೇಳುವ ಮುನ್ನ ಅವರ ಕೆಲಸ ಕೆಟ್ಟಾಗ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ನೋಡಿರಬೇಕು. ನಾನು ಅದನ್ನು ಮಾಸ್ತರರ ತಾರಸಿಯ ಮೇಲೆ ನೋಡಿದೆ.